ಅಡಿಕೆ ಕೊನೆ ಕೊಯ್ಲಿನವರಿಗೆ ವಿಮೆ, ಬೆಲ್ಟು, ಹೆಲ್ಮೆಟ್ಟು: ಯಾರು ಕೊಡಿಸಬೇಕು?

ತೋಟದಮನೆ, ಶಿರಸಿ

ನಮ್ಮದು ಸಣ್ಣ ಅಡಿಕೆ ತೋಟ. ಕೊನೆ, ಅಂದರೆ ಅಡಿಕೆ ಗೊಂಚಲು, ಕೊಯ್ಲಿಗೆ ಒಂದು ತಂಡ ಬರುತ್ತದೆ. ಮರ ಹತ್ತುವ ಕೊನೆಗೌಡರು ಇಬ್ಬರು, ಕೆಳಗೆ ಹಗ್ಗ ಹಿಡಿಯುವವರು ಇಬ್ಬರು, ಉದುರಡಿಕೆ ಹೆಕ್ಕಲಿಕ್ಕೆ ಮೂರ್ನಾಲ್ಕು ಹೆಂಗಸರು. ಮಳೆ ಹಿಡಿಯುವ ಮುಂಚೆ ಔಷಧಿ ಹೊಡೆಯಲಿಕ್ಕೂ ಇದೇ ತಂಡ. ಇವತ್ತು ನಮ್ಮಲ್ಲಿ, ನಾಳೆ ಪಕ್ಕದ ಮನೆಯಲ್ಲಿ, ನಾಡಿದ್ದು ಮೇಲಿನ ಕೇರಿಯಲ್ಲಿ. ಯಾರ ಹೆಸರೂ ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ. ಇವರ ಧಣಿ ಯಾರು ಅಂತ ಕೇಳಿದರೆ ಊರಿಗೆ ಊರೇ ಧಣಿ, ಏನಾದರೂ ಆದ ದಿನ ಯಾರೂ ಅಲ್ಲ.

ಕಳೆದ ಕೊಯ್ಲಿನಲ್ಲಿ ಹತ್ತಿರದ ಊರಲ್ಲಿ ಒಬ್ಬರು ಬಿದ್ದರು. ಸೊಂಟದ ಕೆಳಗೆ ಸ್ವಾಧೀನ ಇಲ್ಲ. ತೋಟದವರು ಆಸ್ಪತ್ರೆ ಖರ್ಚಿಗೆ ಒಂದಷ್ಟು ಕೊಟ್ಟರು, ಊರವರು ಸೇರಿ ಒಂದಷ್ಟು ಎತ್ತಿದರು, ಅಲ್ಲಿಗೆ ನಿಂತಿತು. ಆ ಮನೆಯಲ್ಲಿ ದುಡಿಯುತ್ತಿದ್ದವರು ಅವರೊಬ್ಬರೇ.

ದಿನಕ್ಕೊಂದು ತೋಟಕ್ಕೆ ಹೋಗುವ ಕೆಲಸಗಾರರಿಗೆ ನಮ್ಮಂಥ ಸಣ್ಣ ಹಿಡುವಳಿಯವರು ವಿಮೆ ಮಾಡಿಸಲಿಕ್ಕೆ ದಾರಿ ಇದೆಯಾ? ಬೆಲ್ಟ್ ತಂದು ಅಟ್ಟದಲ್ಲಿಟ್ಟಿದ್ದೇನೆ, ಯಾರೂ ಮುಟ್ಟುವುದಿಲ್ಲ, ಯಾಕೆ? ಬಲ್ಲವರು ಹೇಳಿ. "ಅವರವರ ಹಣೆಬರಹ" ಅನ್ನುವ ಉತ್ತರ ಬೇಡ, ಅದನ್ನು ಊರಲ್ಲೇ ಬೇಕಾದಷ್ಟು ಕೇಳಿದ್ದೇನೆ.

ಸುಳ್ಯದವ

ನಮ್ಮಲ್ಲಿ ಈ ತಲೆಬಿಸಿಗೆ ಅರ್ಧ ಪರಿಹಾರ ದೋಟಿ, ಅಂದರೆ ತುದಿಗೆ ಕತ್ತಿ ಸಿಕ್ಕಿಸಿದ ಉದ್ದದ ಕೋಲು. ಕಾರ್ಬನ್ ಫೈಬರಿನದ್ದು ಬಂದ ಮೇಲೆ ಎಷ್ಟೋ ತೋಟಗಳಲ್ಲಿ ಮರಕ್ಕೆ ಹತ್ತುವುದೇ ಇಲ್ಲ. ನೆಲದಲ್ಲಿ ನಿಂತು ಕೊನೆ ತೆಗೆಯುವುದು, ಅದಕ್ಕೇ ಪೈಪ್ ಸಿಕ್ಕಿಸಿ ಮದ್ದು ಬಿಡುವುದು. ಐವತ್ತು ಅಡಿ ಮೇಲಿನ ಮರಕ್ಕೂ ಸಾಕಾಗ್ತದೆ. ರೇಟು ಕೇಳಿದರೆ ಒಮ್ಮೆ ಎದೆ ಧಸಕ್ ಅಂತದೆ, ಆದರೆ ನಾಲ್ಕು ಮನೆಯವರು ಸೇರಿ ತೆಗೊಂಡರೆ ಭಾರ ಇಲ್ಲ. ಸಬ್ಸಿಡಿ ಉಂಟಾ ಅಂತ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಬಂಟ್ವಾಳ ಸಜಿಪಮೂಡದ ಗಣಪತಿ ಭಟ್ರು ಮಾಡಿದ ಮರ ಹತ್ತುವ ಬೈಕ್ 2019ರಲ್ಲಿ ಎಲ್ಲರ ಮೊಬೈಲಿಗೂ ಬಂದದ್ದು ನೆನಪಿರಬಹುದು. ಅದೂ ಉಂಟು. ನಮ್ಮದು ಗುಡ್ಡೆ ಬದಿಯ ತೋಟ, ಕಣಿ (ನೀರು ಹರಿಯುವ ಕಾಲುವೆ) ದಾಟಿ ದಾಟಿ ಹೋಗುವುದಕ್ಕೆ ನನಗೆ ದೋಟಿಯೇ ಅನುಕೂಲ ಕಂಡದ್ದು.

ದೋಟಿಯದ್ದೂ ರಗಳೆ ಇಲ್ಲ ಅಂತಲ್ಲ. ಇಡೀ ದಿನ ಕುತ್ತಿಗೆ ಮೇಲೆ ಮಾಡಿ ನಿಂತರೆ ರಾತ್ರಿ ತಲೆ ತಿರುಗಿಸ್ಲಿಕ್ಕೆ ಆಗುದಿಲ್ಲ. ಕಣ್ಣಿಗೆ ಕಸ ಬೀಳ್ತದೆ. ಹತ್ತು ಮರಕ್ಕೊಮ್ಮೆ ಕೈ ಬದಲಿಸುವ ಇನ್ನೊಬ್ಬ ಬೇಕು. ಮತ್ತೆ ಒಂದು ವಿಷಯ, ಹೆಲ್ಮೆಟ್ ಅಂದರೆ ಎಲ್ಲರೂ ಹತ್ತುವವನಿಗೆ ಅಂತ ಗ್ರಹಿಸಿದ್ದಾರೆ. ನಿಜವಾಗಿ ಬೇಕಾದ್ದು ಕೆಳಗಿದ್ದವರಿಗೆ ಮಾರಾಯ್ರೆ. ಕಾಯಿ ತುಂಬಿದ ಕೊನೆ ಅಷ್ಟು ಮೇಲಿಂದ ಕೈ ತಪ್ಪಿ ಬಂದರೆ ಹೆಕ್ಕುವ ಹೆಂಗಸರ ತಲೆ ಉಳಿಯುವುದಾ?

ಲೈನ್ ಕೆಲಸ, ತೀರ್ಥಹಳ್ಳಿ

ದೋಟಿ ಅಂದ್ಕೂಡ್ಲೆ ಇದನ್ನ ಹೇಳ್ಲೇಬೇಕು. ಕಾರ್ಬನ್ ಫೈಬರ್ ಕರೆಂಟ್ ಹರಿಸುತ್ತೆ. ಹೆಸರಲ್ಲಿ ಫೈಬರ್ ಅಂತಿರೋದಕ್ಕೆ ಜನ ಪ್ಲಾಸ್ಟಿಕ್ ತರ ಅಂತ ತಿಳ್ಕೊಂಡಿದಾರೆ. ಅಲ್ಯೂಮಿನಿಯಂ ಏಣಿಗೆ ಹೆದರೋರೂ ಇದನ್ನ ಹಿಡ್ಕೊಂಡು 11 ಕೆವಿ ತಂತಿ ಕೆಳಗೆ ಆರಾಮಾಗಿ ಓಡಾಡ್ತಾರೆ. ಆ ಲೈನಿಗೆ ಮುಟ್ಟಲೇಬೇಕು ಅಂತಿಲ್ಲ, ತೀರಾ ಹತ್ತಿರ ಹೋದ್ರೂ ಎಳ್ಕೊಳುತ್ತೆ. ಮಂಜು ಬಿದ್ದ ಬೆಳಗ್ಗೆ, ಔಷಧಿ ಹೊಡೆದು ದೋಟಿ ಒದ್ದೆ ಆದಾಗ ಇನ್ನೂ ಜಾಸ್ತಿ.

ತೋಟದ ಮೇಲೆ ಲೈನ್ ಹಾದುಹೋಗಿದ್ರೆ ಆ ಸಾಲಿನ ಮರಗಳನ್ನ ಬಿಟ್ಟಿಟ್ಟು ಒಂದೇ ದಿನ ಕೊಯ್ಯೋ ಹಾಗೆ ಇಟ್ಕೊಳಿ. ಹಿಂದಿನ ದಿನ ಕರೆಂಟಿನ ಸೆಕ್ಷನ್ ಆಫೀಸಿಗೆ ಫೋನ್ ಮಾಡಿ, ಲೈನ್ ಬಂದ್ ಮಾಡಿಸಿ, ಬಂದ್ ಆಗಿದೆ ಅಂತ ಲೈನ್‌ಮನ್ ಬಾಯಲ್ಲೇ ಕೇಳಿ ಆಮೇಲೆ ಶುರು ಮಾಡಿ. "ಮನೇಲಿ ಕರೆಂಟ್ ಹೋಗಿದೆ, ಈಗ ಬೇಗ ಕೊಯ್ದುಬಿಡಿ" ಅನ್ನೋ ಲೆಕ್ಕ ಬೇಡ. ಮನೆ ಕರೆಂಟೇ ಬೇರೆ, ಮೇಲಿನ ಲೈನೇ ಬೇರೆ. ಅದೂ ಅಲ್ದೆ ಹೋದ ಕರೆಂಟು ಹೇಳಿ ಕೇಳಿ ಬರಲ್ಲ.

ಕೊನೆ ಕೆಲಸದವ, ಸಿದ್ದಾಪುರ

ಬೆಲ್ಟ್ ಯಾಕೆ ಮುಟ್ಟಲ್ಲ ಅಂತ ಕೇಳಿದ್ರಲ್ಲ ಒಡೆಯರು, ಹೇಳ್ತೆ. ಓದಿದವರು ತಪ್ಪು ತಿಳಿಬೇಡಿ.

ನಾವು ಒಂದು ಮರ ಹತ್ತಿದ್ರೆ ಇಳಿಯೋದು ಅದೇ ಮರದಲ್ಲಿ ಅಲ್ಲ. ತುದಿಯಲ್ಲಿ ಮಣೆ ಮೇಲೆ ಕೂತು ಕೊನೆ ಕೊಯ್ದು ಹಗ್ಗಕ್ಕೆ ಬಿಟ್ಟು, ಮರ ತೂಗಿಸಿ ಪಕ್ಕದ ಮರ ಹಿಡಿದು ಅದಕ್ಕೆ ದಾಟ್ತೇವೆ. ಹಾಗೇ ಆರೇಳು ಮರ ಮುಗಿಸಿ ಇಳಿಯೋದು. ಬೆಲ್ಟ್ ಮರಕ್ಕೆ ಸುತ್ತಿದ್ರೆ ದಾಟೋದು ಹೇಗೆ? ಬಿಚ್ಚಬೇಕು, ಆಚೆ ಮರಕ್ಕೆ ಹೋಗಿ ಮತ್ತೆ ಕಟ್ಟಬೇಕು. ಅಪಾಯ ಇರೋದೇ ಆ ದಾಟೋ ಹೊತ್ತಲ್ಲಿ, ಅಷ್ಟೊತ್ತಿಗೆ ಬೆಲ್ಟ್ ಬಿಚ್ಚಿರುತ್ತೆ. ಬೇಡ, ಪ್ರತಿ ಮರ ಹತ್ತಿ ಇಳಿದೇ ಮಾಡು ಅಂದ್ರೆ ಮಾಡಬಹುದು. ಆದ್ರೆ ದಿನದ ಕೆಲಸ ಅರ್ಧಕ್ಕೆ ಬರುತ್ತೆ. ನಮಗೆ ಕೊಡೋದು ಕೊನೆ ಲೆಕ್ಕ. ಕೊನೆ ಅರ್ಧ ಆದ್ರೆ ದುಡ್ಡೂ ಅರ್ಧ. ಈಗ ಹೇಳಿ, ಬೆಲ್ಟ್ ಕೊಡಿಸಿದ್ದು ಯಾರು, ಅದರ ಖರ್ಚು ಹೊತ್ತಿದ್ದು ಯಾರು?

ದಿನಗೂಲಿ ಲೆಕ್ಕ ಮಾಡಿ, ಇವತ್ತು ಎಷ್ಟಾಗುತ್ತೋ ಅಷ್ಟು ಅನ್ನಿ. ನಾನೇ ಬೆಲ್ಟ್ ಕಟ್ಟಿ ಹತ್ತಿ ತೋರಿಸ್ತೆ.

ಇನ್ನೊಂದು. ಮರಾನೇ ಮುರಿದ್ರೆ ಬೆಲ್ಟ್ ಏನೂ ಮಾಡಲ್ಲ, ಮರದ ಜೊತೆ ನಮ್ಮನ್ನೂ ತಗೊಂಡು ಹೋಗುತ್ತೆ. ಗೊತ್ತಿದ್ದವರು ಕೈ ತಪ್ಪಿ ಬೀಳೋದು ಅಪರೂಪ. ಬೀಳೋದು ಮರ ಮುರಿದು. ಯಾವ ಮರ ಮುರಿಯುತ್ತೆ? ಪಶ್ಚಿಮದ ಬಿಸಿಲು ಹೊಡೆದು ಒಂದು ಬದಿ ಸೀಳಿದ್ದು, ಒಳಗೆ ಟೊಳ್ಳಾಗಿದ್ದು. ಕೆಳಗಿಂದ ನೋಡಿದ್ರೆ ಹಾವಸೆ ಹಿಡಿದು ಎಲ್ಲಾ ಒಂದೇ ತರ ಹಸಿರು. ಆ ಮರ ಯಾವುದು ಅಂತ ಗೊತ್ತಿರೋದು ವರ್ಷವಿಡೀ ತೋಟದಲ್ಲಿ ಓಡಾಡೋ ನಿಮಗೆ, ವರ್ಷಕ್ಕೆ ಮೂರು ಸಲ ಬರೋ ನಮಗಲ್ಲ. ಕೊಯ್ಲಿಗೆ ಮುಂಚೆ ಒಂದು ಡಬ್ಬಿ ಕೆಂಪು ಬಣ್ಣ ತಗೊಂಡು ಅನುಮಾನ ಇದ್ದ ಮರಕ್ಕೆಲ್ಲ ಎದೆ ಮಟ್ಟಕ್ಕೆ ಒಂದು ಪಟ್ಟಿ ಎಳೆದುಬಿಡಿ. ಬೆಲ್ಟಿಗಿಂತ ಮೊದಲು ಅದು ಬೇಕು. ಆ ಮರದ ಕೊನೆ ಹೋದ್ರೆ ಹೋಯ್ತು ಅನ್ನಿ, ಇಲ್ಲಾ ದೋಟಿಯಲ್ಲಿ ತೆಗೆಸಿ. ಸಣ್ಣ ಮರಕ್ಕೆ ಬಿಸಿಲು ಬೀಳೋ ಬದಿಗೆ ಅಡಿಕೆ ಹಾಳೆ ಕಟ್ಟೋದು, ಸುಣ್ಣ ಬಳಿಯೋದು ನಿಮ್ಮ ಅಪ್ಪಂದಿರು ಮಾಡ್ತಿದ್ರು. ಅದು ಮರಕ್ಕೆ ಅಂತ ಮಾಡಿದ್ರು, ಉಳಿದದ್ದು ನಾವು.

ನೇರನುಡಿ

ಎಲ್ಲ ಸರಿ. ಆದರೆ ಬೆಳಗ್ಗೆನೇ ಹಾಕ್ಕೊಂಡು ಬರೋರ ಕತೆ ಏನು? ಅದನ್ನು ಯಾರೂ ಬರೀತಾ ಇಲ್ಲ. ಮುಂಗಡ ಕೊಟ್ಟು, ಊಟ ಕೊಟ್ಟು, ವಿಮೆನೂ ನಾವೇ ಕೊಟ್ಟು, ಕೊನೆಗೆ ಬೈಗುಳನೂ ನಮಗೇ. ಅಡಿಕೆ ರೇಟು ಬಿದ್ದ ವರ್ಷ ನಮಗೆ ಯಾರು ವಿಮೆ ಮಾಡಿಸ್ತಾರೆ?

ಕೊನೆ ಕೆಲಸದವ, ಸಿದ್ದಾಪುರ

ಕುಡಿದು ಹತ್ತೋರು ಇಲ್ಲ ಅಂತ ನಾ ಹೇಳಲ್ಲ. ಇದ್ದಾರೆ. ಅಂಥವನನ್ನ ಆ ದಿನ ಮರ ಹತ್ತಿಸಬೇಡಿ, ವಾಪಸ್ ಕಳಿಸಿ. ನಮ್ಮ ತಂಡದಲ್ಲಿ ನಾವೇ ಕಳಿಸ್ತೇವೆ. ಆದ್ರೆ "ಮೋಡ ಆಗಿದೆ, ಮಳೆ ಬರೋದ್ರೊಳಗೆ ಈ ಎರಡು ಸಾಲು ಮುಗಿಸಿಬಿಡು" ಅಂತ ಹೇಳೋರು ಕುಡಿದಿರಲ್ಲ ಅಲ್ವಾ. ಒದ್ದೆ ಮರಕ್ಕೆ ಹತ್ತಲ್ಲ ಅಂದ್ರೆ ಮುಂದಿನ ವರ್ಷ ಬೇರೆ ತಂಡ ಕರೀತಾರೆ. ನಮ್ಮ ವಿಮೆ ಅಲ್ಲೇ ಮುಗೀತು.

ಫಿಸಿಯೋ ಅಕ್ಕ, ಬೆಳ್ತಂಗಡಿ

ಬಿದ್ದ ಮೇಲಿನ ಒಂದು ಗಂಟೆ ಬಗ್ಗೆ ಬರೆಯುತ್ತೇನೆ. ಬೆನ್ನುಹುರಿಗೆ ಪೆಟ್ಟಾದವರ ಜೊತೆ ಕೆಲಸ ಮಾಡುವವಳು ನಾನು. ಈ ಭಾಗದಲ್ಲಿ ಅಂಥವರಲ್ಲಿ ಮರದಿಂದ ಬಿದ್ದವರು ಇದ್ದೇ ಇರುತ್ತಾರೆ.

ಬಿದ್ದಾಗ ಬೆನ್ನುಮೂಳೆ ಮುರಿದಿರಬಹುದು, ಒಳಗಿನ ಹುರಿ ಇನ್ನೂ ಪೂರ್ತಿ ಹಾಳಾಗಿರಲಿಕ್ಕಿಲ್ಲ. ಉಳಿದದ್ದನ್ನು ಹಾಳು ಮಾಡುವುದು ನಾವು ಎತ್ತುವ ರೀತಿ. ಎಲ್ಲ ಕಡೆ ನಡೆಯುವುದು ಒಂದೇ: ಓಡಿ ಬಂದು ಕಂಕುಳಿಗೆ ಕೈ ಹಾಕಿ ಕೂರಿಸುತ್ತಾರೆ, ನೀರು ಕುಡಿಸುತ್ತಾರೆ, ಬೆನ್ನು ನೀವುತ್ತಾರೆ, ಇಬ್ಬರು ಕೈ ಇಬ್ಬರು ಕಾಲು ಹಿಡಿದು ಜೀಪಿನ ಹಿಂದಿನ ಸೀಟಿಗೆ ಮಡಚಿ ಹಾಕುತ್ತಾರೆ. ಸೊಂಟ ಬಗ್ಗಿದ ಆ ಕ್ಷಣಕ್ಕೆ ಹುರಿ ಇನ್ನಷ್ಟು ಜಜ್ಜಿಹೋಗಬಹುದು. ಒಳ್ಳೆ ಮನಸ್ಸಿನಿಂದಲೇ ಮಾಡಿದ್ದು, ಆದರೆ ಕಾಲು ಹೋಯಿತು.

ಏನು ಮಾಡಬೇಕು ಅಂದರೆ, ಬಿದ್ದ ಜಾಗದಲ್ಲೇ ಅಲುಗಾಡಿಸದೆ ಬಿಡಿ. ಉಸಿರಾಡುತ್ತಿದ್ದಾರಾ, ರಕ್ತ ಹೋಗುತ್ತಿದೆಯಾ ನೋಡಿ. ಒಬ್ಬರು ತಲೆ ಕಡೆ ಮಂಡಿಯೂರಿ ಎರಡು ಕೈಯಲ್ಲಿ ತಲೆ ಅಲುಗದ ಹಾಗೆ ಹಿಡಿಯಿರಿ. ಮಾತಾಡುತ್ತಿದ್ದರೆ ಕಾಲಿನ ಬೆರಳು ಆಡಿಸಲಿಕ್ಕೆ ಹೇಳಿ, ಮುಟ್ಟಿದ್ದು ಗೊತ್ತಾಗುತ್ತದಾ ಕೇಳಿ, ಅದನ್ನು ಆಸ್ಪತ್ರೆಯಲ್ಲಿ ತಿಳಿಸಿ. ಬಾಯಿಗೆ ಏನೂ ಹಾಕಬೇಡಿ, ಆಪರೇಷನ್ ಬೇಕಾಗಬಹುದು. 108ಕ್ಕೆ ಮಾಡಿ. ತೋಟಕ್ಕೆ ರಸ್ತೆ ಇಲ್ಲ, ನಾವೇ ರಸ್ತೆಗೆ ಸಾಗಿಸಬೇಕು ಅಂತಾದರೆ ಗಟ್ಟಿ ಹಲಗೆ ಬೇಕು. ಬಚ್ಚಲಿನ ಬಾಗಿಲು ಕಿತ್ತರೂ ಆಯಿತು, ಏಣಿ ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಒತ್ತಾಗಿ ಕಟ್ಟಿದರೂ ಆಯಿತು. ನಾಲ್ಕೈದು ಜನ ಒಂದೇ ಬದಿಗೆ ಕೂತು, ತಲೆ ಹಿಡಿದವರು ಹೇಳಿದ ಕೂಡಲೇ ತಲೆ, ಭುಜ, ಸೊಂಟ, ಕಾಲು ಎಲ್ಲ ಒಟ್ಟಿಗೆ ಮರದ ದಿಮ್ಮಿ ಹೊರಳಿಸಿದ ಹಾಗೆ ಮಗ್ಗುಲಿಗೆ ಹೊರಳಿಸಿ, ಹಲಗೆ ಒಳಗೆ ಸರಿಸಿ, ಹಾಗೇ ವಾಪಸ್ ಮಲಗಿಸಿ. ಹಣೆಗೆ, ಎದೆಗೆ, ತೊಡೆಗೆ ಪಂಚೆಯಿಂದ ಕಟ್ಟಿ. ಜೀಪಿಗಿಂತ ಪಿಕಪ್ಪಿನ ಹಿಂದೆ ಹಲಗೆ ಸಮೇತ ಒಯ್ಯುವುದು ಲೇಸು, ನಿಧಾನಕ್ಕೆ.

ಇದನ್ನು ಕೊಯ್ಲಿನ ಮೊದಲ ದಿನ ಚಹಾ ಹೊತ್ತಿಗೆ ತಂಡದಲ್ಲಿ ಒಬ್ಬರನ್ನು ಮಲಗಿಸಿ ಒಮ್ಮೆ ಮಾಡಿ ನೋಡಿ. ನಗಾಡುತ್ತಾರೆ, ಪರವಾಗಿಲ್ಲ.

ಆಮೇಲೆ ಮನೆಗೆ ಬಂದ ಮೇಲಿನದ್ದು. ಸ್ವಾಧೀನ ಇಲ್ಲದವರ ಜೀವ ತೆಗೆಯುವುದು ಬೆನ್ನುಹುರಿ ಅಲ್ಲ, ಒತ್ತುಹುಣ್ಣು ಮತ್ತು ಮೂತ್ರದ ಸೋಂಕು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ರಾತ್ರಿಯೂ. ಇದನ್ನು ಮನೆಯ ಹೆಂಗಸರು ಒಬ್ಬರೇ ಮಾಡಿ ಅವರ ಸೊಂಟವೂ ಹೋಗಿರುತ್ತದೆ. ನಮ್ಮ ತಾಲೂಕಿನ ಸೌತಡ್ಕದಲ್ಲಿ ಸೇವಾಧಾಮ ಅಂತ ಇಂಥವರಿಗಾಗಿಯೇ ಪುನಶ್ಚೇತನ ಕೇಂದ್ರ ಇದೆ. ಗಾಲಿಕುರ್ಚಿಯಲ್ಲಿ ತಾವೇ ಓಡಾಡಿಕೊಂಡು, ತಾವೇ ಸ್ನಾನ ಶೌಚ ಮಾಡಿಕೊಳ್ಳುವುದನ್ನು ಕಲಿಸುತ್ತಾರೆ. ತೋಟದಮನೆಯವರೇ, ನೀವು ಹೇಳಿದ ಆ ಪಕ್ಕದೂರಿನವರನ್ನು ಇಂಥ ಕಡೆ ತೋರಿಸಿದ್ದಾರಾ ವಿಚಾರಿಸಿ. ವರ್ಷ ಕಳೆದಿದ್ದರೂ ತಡ ಆಯಿತು ಅಂತಲ್ಲ.

ನಿವೃತ್ತ ಬ್ಯಾಂಕಿನವ, ಪುತ್ತೂರು

ವಿಮೆ ವಿಷಯಕ್ಕೆ ಬರುತ್ತೇನೆ. ದೊಡ್ಡದು ಆಮೇಲೆ, ಮೊದಲು ಇಪ್ಪತ್ತು ರೂಪಾಯಿಯದ್ದು.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ 2015ರಿಂದ ಇದೆ. 18ರಿಂದ 70 ವರ್ಷದವರಿಗೆ, ವರ್ಷಕ್ಕೆ 20 ರೂಪಾಯಿ, ಖಾತೆಯಿಂದ ತಾನಾಗಿ ಕಡಿತ ಆಗುತ್ತದೆ. ಅಪಘಾತದಲ್ಲಿ ಸಾವಾದರೆ 2 ಲಕ್ಷ. ಎರಡೂ ಕಾಲು ಅಥವಾ ಎರಡೂ ಕೈಯ ಸ್ವಾಧೀನ ಶಾಶ್ವತವಾಗಿ ಹೋದರೂ 2 ಲಕ್ಷ, ಒಂದು ಕಾಲು ಅಥವಾ ಒಂದು ಕೈ ಹೋದರೆ 1 ಲಕ್ಷ. ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ. ಸೊಂಟದ ಕೆಳಗೆ ಸ್ವಾಧೀನ ಹೋದವರಿಗೆ ಇದು ಸಿಗುತ್ತದೆ ಎಂದು ಗೊತ್ತಿಲ್ಲದೆ ಬಿಟ್ಟವರು ಬಹಳ ಜನ. ಸತ್ತರೆ ಮಾತ್ರ ದುಡ್ಡು ಎಂದು ತಿಳಿದಿರುತ್ತಾರೆ.

ಕ್ಲೈಮು ಬಿದ್ದುಹೋಗುವುದು ಎಲ್ಲಿ ಅಂದರೆ ಕಾಗದದಲ್ಲಿ. ರಸ್ತೆ ಅಪಘಾತಕ್ಕೆ ಪೊಲೀಸ್ ದಾಖಲೆ ಬೇಕು. ಮರದಿಂದ ಬಿದ್ದದ್ದು, ಹಾವು ಕಚ್ಚಿದ್ದು ಇಂಥದಕ್ಕೆ ಆ ಕೂಡಲೇ ಆಸ್ಪತ್ರೆಗೆ ಹೋದ ದಾಖಲೆ ಇರಬೇಕು ಎಂದು ಯೋಜನೆಯ ನಿಯಮದಲ್ಲೇ ಇದೆ. ಆ ಮೊದಲ ಚೀಟಿಯಲ್ಲಿ ಏನು ಬರೆದಿದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಕೆಲವರು "ಪೊಲೀಸ್ ಕೇಸು ಆದೀತು, ಧಣಿಗಳಿಗೆ ತೊಂದರೆ" ಎಂದು ಹೆದರಿ ಮನೆ ಮೆಟ್ಟಿಲಲ್ಲಿ ಜಾರಿ ಬಿದ್ದದ್ದು ಎಂದು ಬರೆಸುತ್ತಾರೆ. ಆಮೇಲೆ ಬಂದು ಮರದಿಂದ ಬಿದ್ದದ್ದು ಎಂದರೆ ಯಾರೂ ಒಪ್ಪುವುದಿಲ್ಲ. ಇನ್ನು ಕೆಲವರು ಮೊದಲು ನಾಟಿ ವೈದ್ಯರಲ್ಲಿ ಎಣ್ಣೆ ಹಾಕಿಸಿ ನಾಲ್ಕು ದಿನ ಬಿಟ್ಟು ಆಸ್ಪತ್ರೆಗೆ ಹೋಗುತ್ತಾರೆ. ಇದ್ದದ್ದನ್ನು ಇದ್ದ ಹಾಗೆ, ಅದೇ ದಿನ, ಬರೆಸಿ. ಸಾವಾದರೆ ಮರಣೋತ್ತರ ಪರೀಕ್ಷೆ ಬೇಡ ಎಂದು ಹಟ ಮಾಡಬೇಡಿ. ಕ್ಲೈಮ್ ಫಾರ್ಮು 30 ದಿನದೊಳಗೆ ಖಾತೆ ಇರುವ ಬ್ಯಾಂಕಿಗೆ ಕೊಡಿ.

ಇನ್ನೊಂದು ಸೂಕ್ಷ್ಮ ಇದೆ. ಈ ವಿಮೆಯ ವರ್ಷ ಜೂನ್ 1ರಿಂದ ಮೇ 31. ಹಣ ಕಡಿತ ಆಗುವುದು ಮೇ ತಿಂಗಳ ಕೊನೆಗೆ. ಕೊಯ್ಲು ಮುಗಿದು, ಶಾಲೆ ಫೀಸು, ಮಳೆಗಾಲದ ಸಾಮಾನು ಎಂದು ಕೆಲಸದವರ ಖಾತೆ ಬರಿದಾಗುವುದೂ ಆಗಲೇ. ಖಾತೆಯಲ್ಲಿ ಇಪ್ಪತ್ತು ರೂಪಾಯಿ ಇಲ್ಲದೆ ವಿಮೆ ನಿಂತುಹೋಗುತ್ತದೆ, ಜೂನಿನಲ್ಲಿ ಜಾರುವ ಮರಕ್ಕೆ ಮದ್ದು ಬಿಡಲು ಹತ್ತುವಾಗ ಅವರಿಗೆ ಏನೂ ಇರುವುದಿಲ್ಲ. ಧಣಿಗಳು ಮಾಡಬಹುದಾದ ಕೆಲಸ ಇಷ್ಟೇ: ಮೇ ಮೂರನೇ ವಾರ ತಂಡದ ಎಲ್ಲರಿಗೂ ಐನೂರೋ ಸಾವಿರವೋ ಮುಂಗಡವನ್ನು ನಗದು ಕೊಡುವ ಬದಲು ಖಾತೆಗೇ ಹಾಕಿ. ಜೊತೆಗೆ 50 ದಾಟದವರಿಗೆ ವರ್ಷಕ್ಕೆ 436 ರೂಪಾಯಿಯ ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯೂ ಆಗುತ್ತದೆ, ಅದು ಯಾವ ಕಾರಣಕ್ಕೆ ಸಾವಾದರೂ 2 ಲಕ್ಷ.

ತೆಂಗಿನ ಮರ ಹತ್ತುವವರಾದರೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ಇದೆ, ಕಂತಿನ ಹೆಚ್ಚಿನ ಪಾಲು ಮಂಡಳಿಯೇ ಕಟ್ಟುತ್ತದೆ. ಎರಡೂ ಮರ ಹತ್ತುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ, ಅವರಿಗೆ ಹೇಳಿ. ಆಸ್ಪತ್ರೆ ಖರ್ಚಿಗೆ ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ.

ತೋಟದಮನೆ, ಶಿರಸಿ

ಉಪಕಾರವಾಯಿತು. ಮೇ ತಿಂಗಳ ವಿಷಯ ಹೊಳೆದೇ ಇರಲಿಲ್ಲ. ಆದರೆ ಇದೆಲ್ಲ ಅವರ ಹೆಸರಲ್ಲಿ ಅವರೇ ಮಾಡಿಸಿಕೊಳ್ಳುವುದು. ತೋಟದವರ ಕಡೆಯಿಂದ ಅಂತ ಏನಿದೆ? ಕಾನೂನಿನಲ್ಲಿ ನಾವು ಜವಾಬ್ದಾರರಾ, ಅಲ್ಲವಾ? ಸ್ಪಷ್ಟವಾಗಿ ಹೇಳುವವರು ಸಿಕ್ಕಿಲ್ಲ.

ವಕೀಲ, ಹೊನ್ನಾವರ

ಕೆಲಸದ ವೇಳೆ ಪೆಟ್ಟಾದರೆ ಮಾಲೀಕ ಪರಿಹಾರ ಕೊಡಬೇಕು ಅನ್ನುವ ಕಾಯ್ದೆ 1923ರಿಂದ ಇದೆ. ಮುಂಚೆ ಅದರಲ್ಲಿ ಆಗೊಮ್ಮೆ ಈಗೊಮ್ಮೆ ಬರುವವರನ್ನು ಹೊರಗಿಡುವ ಮಾತಿತ್ತು. 2000ದ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಈಗ ಆ ಕಾಯ್ದೆಯನ್ನು ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದ್ದಾರೆ. ಹಾಗಾಗಿ "ಅವನು ಒಂದು ದಿನಕ್ಕೆ ಬಂದವನು, ನಮ್ಮವನಲ್ಲ" ಅನ್ನುವುದನ್ನು ನಂಬಿಕೊಂಡು ಕೂರಬೇಡಿ. ಯಾರ ತೋಟದಲ್ಲಿ ಆ ದಿನ ಕೆಲಸವೋ ಅವರ ಹೆಸರಿಗೇ ನೋಟಿಸ್ ಬರುವುದು.

ಇದಕ್ಕಂತಲೇ ಸಾಮಾನ್ಯ ವಿಮಾ ಕಂಪನಿಗಳಲ್ಲಿ ನೌಕರರ ಪರಿಹಾರ ಪಾಲಿಸಿ ಸಿಗುತ್ತದೆ. ಕೆಲಸಗಾರರ ಹೆಸರು ಹಾಕದೆ, ಎಷ್ಟು ಜನ, ಏನು ಕೆಲಸ, ವರ್ಷಕ್ಕೆ ಅಂದಾಜು ಒಟ್ಟು ಕೂಲಿ ಎಷ್ಟು ಅಂತ ತೋರಿಸಿಯೂ ಮಾಡಿಸಬಹುದು. ಮರ ಹತ್ತುವ ಕೆಲಸ ಅಂತ ಮುಚ್ಚಿಡದೆ ಬರೆಸಿ. "ತೋಟದ ಕೆಲಸ" ಅಂತ ಬರೆಸಿ ನಾಲ್ಕು ಕಾಸು ಉಳಿಸಿದವರಿಗೆ ಕ್ಲೈಮಿನ ಹೊತ್ತಿಗೆ ತಿಳಿಯುತ್ತದೆ. ಕೂಲಿ ಕೊಟ್ಟದ್ದಕ್ಕೆ ಒಂದು ವಹಿ ಇಡಿ, ಸಹಿಯೋ ಹೆಬ್ಬೆಟ್ಟೋ ಹಾಕಿಸಿ. ಹತ್ತು ಮನೆಯವರು ಸೇರಿ ಸೊಸೈಟಿ ಮೂಲಕ ಕೇಳಿದರೆ ಕಂಪನಿಯವರು ಮಾತಿಗೆ ಬರುತ್ತಾರೆ. ಒಬ್ಬೊಬ್ಬರೇ ಹೋದರೆ ಏಜೆಂಟನಿಗೆ ಫೋನ್ ಎತ್ತಲೂ ಪುರುಸೊತ್ತಿರುವುದಿಲ್ಲ.

ಸಾಗರದ ಸೊಸೆ

ಮರ ಹತ್ತೋರ ಮಾತೇ ಎಲ್ಲ ಕಡೆ. ಕೆಳಗಿನ ಕೆಲಸದಲ್ಲಿ ಯಾರಿಗೂ ಏನೂ ಆಗೋದೇ ಇಲ್ವಾ?

ಸುಲಿಯೋಕೆ ಬರೋ ಹೆಂಗಸರ ಕೈ ನೋಡಿದೀರಾ? ಸಂಜೆ ಕೂತ್ರೆ ರಾತ್ರಿ ಹನ್ನೊಂದರ ತನಕ ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ. ಡಬ್ಬಿ ಲೆಕ್ಕ, ಹಾಗಾಗಿ ಯಾರೂ ತಲೆ ಎತ್ತಲ್ಲ. ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿರೋದು ಕುಯ್ದುಕೊಂಡ ಮೇಲಲ್ಲ, ಕುಯ್ಯುತ್ತೆ ಅಂತ ಗೊತ್ತಿದ್ದೇ. ಗಾಯದ ಮೇಲೆ ಅಡಿಕೆ ಚೊಗರು ಹಿಡಿದು ಕಪ್ಪಾಗಿ ಒಡೆದಿರುತ್ತೆ, ಮನೇಲಿ ಅನ್ನ ಕಲಸೋಕೂ ಉರಿ. ಟಿಟಿ ಇಂಜೆಕ್ಷನ್ ಕೊನೇ ಸಲ ತಗೊಂಡಿದ್ದು ಹೆರಿಗೆಗೆ ಮುಂಚೆ ಅಂತಾರೆ. ಬೆಳಕಿಗೆ ಅಂತ ಇಡೀ ಅಂಗಳಕ್ಕೆ ಒಂದು ಬಲ್ಬು. ಇನ್ನೆರಡು ಬಲ್ಬು ಹಾಕೋದಕ್ಕೆ ಯಾವ ಯೋಜನೆ, ಯಾವ ಸಬ್ಸಿಡಿ ಬೇಕು? ಸುಲಿಯೋ ಮೆಷಿನ್ ಬಂದ ಮನೆಗಳಲ್ಲಿ ಬೆಲ್ಟಿನ ಮೇಲಿನ ಗಾರ್ಡ್ ಕಿತ್ತಿಟ್ಟಿರ್ತಾರೆ, ಪದೇ ಪದೇ ಸಿಕ್ಕಿಹಾಕ್ಕೊಳುತ್ತೆ ಅಂತ. ಸೀರೆ ಸೆರಗು ಅದರ ಪಕ್ಕದಲ್ಲೇ ಹಾರಾಡ್ತಿರುತ್ತೆ. ಅಡಿಕೆ ಬೇಯಿಸೋ ಹಂಡೆ ಪಕ್ಕ ಮಕ್ಕಳನ್ನ ಆಡೋಕೆ ಬಿಟ್ಟಿರೋದನ್ನೂ ನೋಡಿದೀನಿ.

ಆಮೇಲೆ ನಮ್ಮ ಕಡೆದು ಮಂಗನಕಾಯಿಲೆ. ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಸಿಕ್ಕಿದ್ದು, ಅದಕ್ಕೇ ಡಾಕ್ಟ್ರುಗಳು ಕ್ಯಾಸನೂರು ಕಾಡಿನ ಕಾಯಿಲೆ ಅನ್ನೋದು. 2019ರಲ್ಲಿ ನಮ್ಮ ತಾಲೂಕಿನ ಅರಳಗೋಡು ಕಡೆ ಎಷ್ಟು ಮನೆ ಕೆಟ್ಟವು ಅಂತ ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಡಿಸೆಂಬರಿಂದ ಮಳೆ ಹಿಡಿಯೋ ತನಕ ಅದರ ಕಾಲ, ಕೊಯ್ಲೂ ಅದೇ ಕಾಲ, ಸೊಪ್ಪಿನ ಬೆಟ್ಟದಿಂದ ದರಕು (ಒಣ ಎಲೆ) ತರೋದೂ ಅದೇ ಕಾಲ. ತಲೆ ಮೇಲೆ ದರಕಿನ ಹೊರೆ ಹೊತ್ತು ಬರೋವಾಗ ಈ ಕಾಯಿಲೆ ಹರಡೋ ಉಣುಗು ಅನ್ನೋ ಹುಳ ಕುತ್ತಿಗೆಗೆ ಹತ್ತುತ್ತೆ, ಸಾಸಿವೆ ಕಾಳಿಗಿಂತ ಸಣ್ಣದು. ಉಣುಗು ಹತ್ತದ ಹಾಗೆ ಮೈಗೆ ಹಚ್ಚೋ ಡೆಪಾ ಎಣ್ಣೆ ಆಸ್ಪತ್ರೆಯಲ್ಲಿ ಪುಕ್ಕಟೆ ಕೊಡ್ತಾರೆ. ಮನೆ ಯಜಮಾನರು ಹಚ್ಕೊಂಡು ತೋಟಕ್ಕೆ ಹೋಗ್ತಾರೆ, ಬೆಟ್ಟಕ್ಕೆ ಹೋಗೋ ಕೆಲಸದೋರಿಗೆ ಬಾಟ್ಲಿ ದಾಟಿಸೋಕೆ ಮರೀತಾರೆ! ವಾಪಸ್ ಬಂದ ಕೂಡ್ಲೆ ಬಿಸಿನೀರ ಸ್ನಾನಕ್ಕೆ ನಮ್ಮ ಬಚ್ಚಲು ಕೊಟ್ರೆ ಮರ್ಯಾದೆ ಹೋಗಲ್ಲ. ಹಳೇ ಲಸಿಕೆ ಈಗ ಕೊಡ್ತಿಲ್ಲ, ಹಾಗಾಗಿ ಇದೇ ಇರೋದು. ಮಂಗ ಸತ್ತಿದ್ದು ಕಂಡ ಬೆಟ್ಟಕ್ಕೆ ಆ ವರ್ಷ ಯಾರನ್ನೂ ಕಳಿಸಬೇಡಿ.

ನೇರನುಡಿ

ಅಕ್ಕ, ಬಲ್ಬಿನ ಮಾತು ಒಪ್ಪಿದೆ. ನಾಳೆನೇ ಹಾಕಿಸ್ತೀನಿ. ದಿನಗೂಲಿ ಲೆಕ್ಕ ಮಾತ್ರ ನನ್ನ ಕೈಲಿ ಆಗಲ್ಲ. ಇಡೀ ಊರು ಕೊನೆ ಲೆಕ್ಕದಲ್ಲಿ ಮಾಡಿಸ್ತಿರೋವಾಗ ನಾನೊಬ್ಬ ದಿನಗೂಲಿ ಕೊಟ್ರೆ ನನ್ನ ತೋಟ ಮುಗಿಯೋದು ಶಿವರಾತ್ರಿಗೆ.

ಕೊನೆ ಕೆಲಸದವ, ಸಿದ್ದಾಪುರ

ಪೂರ್ತಿ ದಿನಗೂಲಿ ಬೇಡ. ದಿನಕ್ಕೆ ಇಷ್ಟು ಅಂತ ತಳದಲ್ಲಿ ಒಂದು ಮೊತ್ತ ಗಟ್ಟಿ ಮಾಡಿ, ಅದರ ಮೇಲೆ ಕೊನೆಗೆ ಇಷ್ಟು ಅಂತ ಸ್ವಲ್ಪ ಇಡಿ. ಮಳೆ ಬಂದು ಅರ್ಧ ದಿನಕ್ಕೆ ನಿಲ್ಲಿಸಿದ್ರೂ ತಳದ ಮೊತ್ತ ಸಿಗುತ್ತೆ ಅಂತ ಗೊತ್ತಿದ್ರೆ ಯಾರೂ ಒದ್ದೆ ಮರ ಹತ್ತೋ ಹಟಕ್ಕೆ ಬೀಳಲ್ಲ. ನಾವು ಎರಡು ಮನೆಯಲ್ಲಿ ಹೀಗೆ ಮಾಡ್ತಿದ್ದೇವೆ. ಅವರ ಕೊಯ್ಲೂ ಸಂಕ್ರಾಂತಿ ಹೊತ್ತಿಗೆ ಮುಗಿಯುತ್ತೆ, ಶಿವರಾತ್ರಿ ತನಕ ಹೋಗಲ್ಲ.

ಸುಳ್ಯದವ

ಮದ್ದಿನ ವಿಷಯ ಯಾರೂ ಎತ್ತಲಿಲ್ಲ. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೊ ದ್ರಾವಣ ಅಂದರೆ ಸುಣ್ಣ, ಮೈಲುತುತ್ತ (ತಾಮ್ರದ ಸಲ್ಫೇಟ್) ತಾನೇ, ವಿಷ ಅಲ್ಲ ಅಂತ ನಮ್ಮಲ್ಲಿ ಒಂದು ಧೈರ್ಯ. ನೂರು ಲೀಟರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ, ಬರಿಗೈಯಲ್ಲಿ ಕದಡುವುದು, ಅದೇ ಕೈಯಲ್ಲಿ ಬೀಡಿ. ಪೋರ್ಚುಗಲಿನ ದ್ರಾಕ್ಷಿ ತೋಟಗಳಲ್ಲಿ ಇದೇ ದ್ರಾವಣ ವರ್ಷಗಟ್ಟಲೆ ಹೊಡೆದವರ ಶ್ವಾಸಕೋಶ ಹಾಳಾದದ್ದನ್ನು ಅಲ್ಲಿನ ಡಾಕ್ಟ್ರುಗಳು 1969ರಲ್ಲೇ ಬರೆದಿದ್ದಾರೆ. ನಾವು ಮೇಲೆ ಮುಖ ಮಾಡಿ ಬಿಡುವವರು, ಅರ್ಧ ಮದ್ದು ನಮ್ಮ ಮೇಲೆಯೇ ಬೀಳುವುದು.

ದ್ರಾವಣ ಹದ ಆಗಿದೆಯಾ ಅಂತ ಹೊಳಪಿನ ಕತ್ತಿ ಅದ್ದಿ ನೋಡುವುದು ಮರಕ್ಕೆ ಮಾತ್ರ ಅಲ್ಲ, ಬಿಡುವವನಿಗೂ ಬೇಕು. ಕತ್ತಿಗೆ ತಾಮ್ರದ ಬಣ್ಣ ಹಿಡಿದರೆ ತುತ್ತ ಹೆಚ್ಚಾಗಿದೆ, ಚರ್ಮಕ್ಕೂ ಕಣ್ಣಿಗೂ ಜಾಸ್ತಿ ಉರಿ, ಸುಣ್ಣದ ನೀರು ಸೇರಿಸಬೇಕು. ಆದರೆ ಎಲ್ಲಕ್ಕಿಂತ ಅಪಾಯ ಸುಣ್ಣ ಅರಳಿಸುವಾಗ. ಕುದಿಯುವ ಸುಣ್ಣ ಕಣ್ಣಿಗೆ ಹಾರಿದರೆ ಒರೆಸುವುದಲ್ಲ, ಕಾಲು ಗಂಟೆಗೆ ಕಮ್ಮಿ ಇಲ್ಲದೆ ಶುದ್ಧ ನೀರು ಹುಯ್ಯುತ್ತಲೇ ಇರಬೇಕು, ಮತ್ತೆ ನೇರ ಆಸ್ಪತ್ರೆಗೆ. ಡ್ರಮ್ಮಿನ ಹತ್ತಿರ ಮದ್ದಿಗಲ್ಲದ ಒಂದು ಕೊಡ ನೀರು ಬೇರೆ ಇಡಿ.

ಕನ್ನಡಕ ತಂದುಕೊಟ್ಟೆ, ಮಂಜು ಹಿಡೀತದೆ ಅಂತ ಹಣೆ ಮೇಲೆ ಏರಿಸಿಕೊಂಡೇ ಬಿಡ್ತಾರೆ. ಯಾರಿಗಾದರೂ ಬೇರೆ ಉಪಾಯ ಗೊತ್ತುಂಟಾ?

ಕೊನೆ ಕೆಲಸದವ, ಸಿದ್ದಾಪುರ

ಪೂರ್ತಿ ಮುಚ್ಚಿದ್ದು ಬೇಡ, ಬದಿಗೆ ಗಾಳಿ ಆಡೋ ತೂತಿರೋದು ತರಿಸಿ. ಹಾಕೋ ಮುಂಚೆ ಒಳಬದಿಗೆ ಒಂದು ಹನಿ ಸೋಪಿನ ನೀರು ತಿಕ್ಕಿ ಒಣಬಟ್ಟೆಯಲ್ಲಿ ಒರೆಸಿದ್ರೆ ಒಂದೆರಡು ಗಂಟೆ ಮಂಜು ಹಿಡಿಯಲ್ಲ. ಟೊಪ್ಪಿಗೆ ಅಂಚು ಮುಂದೆ ಉದ್ದ ಇರಲಿ, ಹನಿ ಗಾಜಿಗೆ ಬೀಳೋದು ಕಮ್ಮಿ ಆಗುತ್ತೆ. ಮತ್ತೆ ತಂಡಕ್ಕೆಲ್ಲ ಒಂದೇ ಕನ್ನಡಕ ತರಬೇಡಿ, ಒಬ್ಬರು ಬೆವರಿ ತೆಗೆದಿದ್ದನ್ನ ಇನ್ನೊಬ್ಬರು ಹಾಕಲ್ಲ. ತಲೆಗೊಂದು ತನ್ನಿ, ಹೆಸರು ಬರೆದು ಕೊಡಿ, ಮನೆಗೇ ತಗೊಂಡು ಹೋಗಲಿ. ಮುಂದಿನ ಮನೆಯ ತೋಟಕ್ಕೂ ಅದೇ ಆಗುತ್ತೆ.